ಬೇವಿನ ಕಷಾಯ, ಸತುವಿನ ಪುಡಿ

ಕೇಳುಗರಿಗೆ ನಮಸ್ಕಾರ.

ಬೆವರುಸಾಲೆ ಎದ್ದಾಗ ಹಚ್ಚುವ ತಿಳಿಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ನಿಮಗೆ ಗೊತ್ತು, ಅಲ್ವಾ? ಅದರಲ್ಲಿ ಒಂದು ಬಿಳಿ ಪುಡಿ ಇರುತ್ತದೆ. ಅದೇ ಝಿಂಕ್ ಆಕ್ಸೈಡ್, ಸತುವಿನ ಆಕ್ಸೈಡ್. ಇದರ ಕಣ 100 ನ್ಯಾನೋಮೀಟರ್‌ಗಿಂತ ಸಣ್ಣದಾದರೆ ಬ್ಯಾಕ್ಟೀರಿಯಾಗಳ ಮೇಲೆ ಅದರ ಹಿಡಿತ ಜಾಸ್ತಿಯಾಗುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್!

ಇಷ್ಟು ಸಣ್ಣ ಕಣ ಮಾಡಲು ಬೇವಿನ ಎಲೆ ನೆರವಾಗುತ್ತದೆ. ಎಲೆ ತೊಳೆದು, ನೆರಳಲ್ಲಿ ಒಣಗಿಸಿ, ನೀರಲ್ಲಿ ಕುದಿಸಿ ಸೋಸುತ್ತಾರೆ. ಆ ಕಷಾಯದಲ್ಲಿ ಝಿಂಕ್ ನೈಟ್ರೇಟ್ ಕರಗಿಸಿ ಕಾಯಿಸಿದರೆ ಅಂಟು ಮುದ್ದೆ ಉಳಿಯುತ್ತದೆ. ಅದನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಇಡಬೇಕು. ಎಲೆಯ ಅಂಶ ಉರಿದುಹೋಗಿ ಬಿಳಿ ಪುಡಿ ಸಿಗುತ್ತದೆ.

ಇಲ್ಲಿ ಎಲೆಯ ಕೆಲಸ ಏನು? ಬೆಳ್ಳಿಯ ಸಣ್ಣ ಕಣ ಮಾಡುವುದಾದರೆ, ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳು ಬೆಳ್ಳಿಯ ಅಯಾನಿಗೆ, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣುವಿಗೆ, ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹ ಮಾಡುತ್ತವೆ. ಸತುವಿನ ಆಕ್ಸೈಡಿಗೆ ಅದು ಬೇಕಿಲ್ಲ. ಎಷ್ಟೋ ಕಡೆ ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ, ಅದು ತಪ್ಪು. ಸತುವಿನ ಅಯಾನನ್ನು ಎಲೆಯ ಅಂಶ ಹಿಡಿದಿಡುತ್ತದೆ, ಕಣಗಳು ಮುದ್ದೆಗಟ್ಟದಂತೆ ತಡೆಯುತ್ತದೆ, ಕೊನೆಗೆ ತಾನೇ ಉರುವಲಾಗುತ್ತದೆ.

ಈ ಉರುವಲಿನ ದಾರಿಗೆ ಬೆಂಗಳೂರಿನ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲರ ತಂಡ ಅಲ್ಯೂಮಿನಿಯಂ ನೈಟ್ರೇಟಿಗೆ ಉರುವಲಾಗಿ ಯೂರಿಯಾ ಬೆರೆಸಿ, 500 ಡಿಗ್ರಿಯಲ್ಲಿ, ಕೆಲವೇ ನಿಮಿಷಗಳಲ್ಲಿ ನುಣ್ಣನೆಯ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಮಾಡಿತು. ಅದು 1988ರಲ್ಲಿ ಪ್ರಕಟವಾಯಿತು. ಈಗ ಯೂರಿಯಾದ ಜಾಗಕ್ಕೆ ಎಲೆಯ ರಸ ಬಂದಿದೆ. ನನಗೆ ಇದು ತುಂಬ ಹೆಮ್ಮೆಯ ಸಂಗತಿ.

ಪುಡಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಅಗಾರ್ ಎಂಬ ಲೋಳೆಯಂಥ ಆಹಾರ ತುಂಬಿದ ತಟ್ಟೆಯಲ್ಲಿ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹರಡಿ, ಸಣ್ಣ ಗುಳಿ ತೋಡಿ ಪುಡಿ ಕದಡಿದ ನೀರು ಹಾಕುತ್ತಾರೆ. ಮಾರನೆಯ ದಿನ ಗುಳಿಯ ಸುತ್ತ ತಿಳಿಯಾದ ಉಂಗುರ ಕಂಡರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದರ್ಥ. ಕಣಗಳಿಂದ ಬಿಡುಗಡೆಯಾಗುವ ಸತುವಿನ ಅಯಾನು, ಅವುಗಳ ಮೇಲೆ ಹುಟ್ಟುವ ಚುರುಕಾದ ಆಮ್ಲಜನಕದ ರೂಪಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ.

ಆದರೆ ಪ್ರಮಾಣ ಹೆಚ್ಚಾದರೆ ಇದೇ ಕಣ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತದೆ. ಎಲೆಯಿಂದ ಬಂದಿದ್ದು ಅಂತ ಸುಮ್ನೆ ಗಾಯಕ್ಕೆ ಹಚ್ಚುವಂತಿಲ್ಲ. ತಟ್ಟೆಯ ಉಂಗುರ ಔಷಧಿಯಲ್ಲ.

ಈ ಕೆಲಸಕ್ಕೆ ಕೈಹಾಕಿರುವ ವಿದ್ಯಾರ್ಥಿಗಳು ಕೇಳುತ್ತಿದ್ದರೆ, ಒಂದು ಕೋರಿಕೆ. ಉಂಗುರ ಯಾವುದರಿಂದ ಬಂತು ಎಂದು ತಿಳಿಯಲು ಪಕ್ಕದ ಗುಳಿಗಳಲ್ಲಿ ಬರೀ ಕಷಾಯವನ್ನೂ, ಅಂಗಡಿಯ ಝಿಂಕ್ ಆಕ್ಸೈಡನ್ನೂ ಹಾಕಿ ನೋಡಿ. ಎಲೆಯ ಸತ್ವ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಯಾವ ಊರಿನ ಮರ, ಯಾವ ತಿಂಗಳಲ್ಲಿ ಕಿತ್ತ ಎಲೆ ಅನ್ನುವುದನ್ನೂ ಪುಸ್ತಕದಲ್ಲಿ ಬರೆದಿಡಿ.

ನಮಸ್ಕಾರ.