ಮಿಶ್ರಪಾತ್ರಕ್ಕೊಂದು ಸ್ವಂತ ಕೆಲಸ

ಕೇಳುಗರಿಗೆ ನಮಸ್ಕಾರ. ಕಾಗದ, ಪೆನ್ಸಿಲು, ದಾಳಗಳನ್ನು ಹಿಡಿದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟದಲ್ಲಿ ಕತ್ತಿಯನ್ನೂ ಮಂತ್ರವನ್ನೂ ಬಲ್ಲ ಮಿಶ್ರಪಾತ್ರವನ್ನು ಹೇಗೆ ಕಟ್ಟಬೇಕು ಎಂಬುದೇ ಇಂದಿನ ವಿಷಯ. ನಾನು ಹೇಳುವುದು ಒಂದೇ ಮಾತು: ಅದಕ್ಕೆ ಅದರದ್ದೇ ಆದ ಕೆಲಸವೊಂದು ಇರಬೇಕು. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ರಾಕ್ಷಸಿಯರ ವೇಷವಾದ ಹೆಣ್ಣುಬಣ್ಣವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗಕ್ಕೆ ಬಂದ ಶೂರ್ಪನಖಿಯನ್ನು ಅರ್ಧ ಸ್ತ್ರೀವೇಷ, ಅರ್ಧ ಬಣ್ಣದ ವೇಷ ಎಂದು ಯಾರೂ ಅಳೆಯುವುದಿಲ್ಲ.

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಯೋಧ, ಮಾಂತ್ರಿಕ, ದೈವಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಎಂಬ ಮೂರೇ ಪಾತ್ರವರ್ಗಗಳಿದ್ದವು. ಅದರ 1981ರ ಬೇಸಿಕ್ ಆವೃತ್ತಿಯಲ್ಲಿ ಎಲ್ಫ್ ಎಂಬ ಕಾಲ್ಪನಿಕ ಜನಾಂಗದವನು ಕತ್ತಿ, ಮಂತ್ರ ಎರಡೂ ವಿದ್ಯೆಗಳನ್ನು ಬಲ್ಲವನು. ಎರಡನೆಯ ಮಟ್ಟಕ್ಕೇರಲು ಯೋಧನಿಗೆ 2000, ಮಾಂತ್ರಿಕನಿಗೆ 2500 ಅನುಭವಾಂಕ ಸಾಕಾದರೆ ಎಲ್ಫ್‌ಗೆ 4000 ಬೇಕಿತ್ತು. ಸುಂಕವನ್ನೇನೋ ಹೇರಿದರು, ಕೆಲಸ ಕೊಡಲಿಲ್ಲ.

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಒಂದು ಆಟಿ ತಿಂಗಳ ರಾತ್ರಿ, ಕರೆಂಟು ಹೋದ ಮೇಲೆ, ನಾಲ್ವರು ಹುಡುಗರನ್ನು ಕೂರಿಸಿ ಆಡಿಸುತ್ತಿದ್ದೆ. ಮಂತ್ರದ ಲೆಕ್ಕಕ್ಕೆ ಸುಲಿಯದ ಅಡಿಕೆ. ಮಂತ್ರ ಹಾಕಿದಾಗ ಒಂದು ಅಡಿಕೆ ಬುಟ್ಟಿಗೆ. ನನ್ನ ಅಳಿಯ ಕಟ್ಟಿದ್ದ ಮಾಂತ್ರಿಕಯೋಧನು ಕವಚ ತೊಟ್ಟು ಮುಂದೆ ನಿಂತು ಕತ್ತಿ ಬೀಸಿದ, ಮರುಸರದಿಯಲ್ಲಿ ದೂರದಿಂದ ಬೆಂಕಿ ಎಸೆದ, ಗಾಯವನ್ನೂ ತಾನೇ ವಾಸಿಮಾಡಿಕೊಂಡ. ಯೋಧನಾಗಿದ್ದ ಹುಡುಗ ದಾಳವನ್ನು ಚಾಪೆಯ ಮೇಲಿಟ್ಟು, “ಹಾಗಾದರೆ ನಾನು ಅಡಿಕೆ ಸುಲಿಯುತ್ತೇನೆ, ಮಾವ” ಎಂದ. ಅವನು ಹೇಳಿದ್ದೇ ಸರಿ. ಅಳಿಯನಿಗೆ ಸ್ವಲ್ಪ ಸಿಟ್ಟು ಬಂದರೂ ಅಂದೇ ರಾತ್ರಿ ನಿಯಮ ಬದಲಿಸಿದೆ: ದೂರದ ಮಂತ್ರ ಇಲ್ಲ, ಚಿಕಿತ್ಸೆ ಇಲ್ಲ, ಕತ್ತಿಯ ಏಟು ತಗುಲಿದಾಗ ಮಾತ್ರ ಅಡಿಕೆಯೊಂದನ್ನು ಕೊಟ್ಟು ಆ ಗಾಯದೊಳಗೆ ಬೆಂಕಿ ಹೊತ್ತಿಸಬಹುದು. ಅಲ್ಲಿಂದ ಮುಂದೆ ಅವನು ಬುಟ್ಟಿ ನೋಡಿ, ಎದುರಾಳಿಯನ್ನು ನೋಡಿ, ತುಟಿ ಕಚ್ಚಿ ದಾಳ ಉರುಳಿಸತೊಡಗಿದ. ಯೋಧ ಅವನಿಗೆ ದಾರಿ ಬಿಡಿಸಿಕೊಡತೊಡಗಿದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ಪ್ರತಿಜ್ಞೆ ತೊಟ್ಟ ಧರ್ಮಯೋಧನಾದ ಪ್ಯಾಲಡಿನ್‌ನದೂ ಇದೇ ದಾರಿ. ಅವನ ಮಂತ್ರಗಳು ಐದನೆಯ ಶ್ರೇಣಿಗೆ ನಿಂತರೆ ಕ್ಲೆರಿಕ್‌ನವು ಒಂಬತ್ತಕ್ಕೆ ಹೋಗುತ್ತವೆ. ಆದರೆ ತಗುಲಿದ ಏಟಿನ ಮೇಲೆ ಮಂತ್ರಶಕ್ತಿ ಸುರಿಯುವ ಕೆಲಸ ಅವನದೇ. ಮಂತ್ರ ಅರ್ಧ, ಕತ್ತಿ ಅರ್ಧ ಎಂದು ತೂಗುತ್ತ ಕೂರುವವರಿಗೆ ಇದನ್ನು ಎಷ್ಟು ಸಲ ಹೇಳುವುದೋ ತಿಳಿಯದು.

ಕಳ್ಳ ಮತ್ತು ಮಾಂತ್ರಿಕನ ಬೆರಕೆಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅದೇ ಆವೃತ್ತಿಯಲ್ಲಿ ಮಂತ್ರ ಬಲ್ಲ ಕಳ್ಳನಾದ ಆರ್ಕೇನ್ ಟ್ರಿಕ್‌ಸ್ಟರ್ ಕಣ್ಣಿಗೆ ಕಾಣದ ಮಾಯಾಹಸ್ತವನ್ನು ಕಳುಹಿಸಿ ದೂರದಿಂದಲೇ ಬೀಗ ತೆಗೆಯುತ್ತಾನೆ. ಅಂಥ ಪಾತ್ರ ಕಟ್ಟುವವರು ದಯವಿಟ್ಟು ಆ ಬೀಗದಿಂದಲೇ ಆರಂಭಿಸಿ. ನಮಸ್ಕಾರ.