ಚಾರ್ಮಾಡಿ ಘಾಟಿ ಹತ್ತದ ಟಾಪ್ ಮಾಡೆಲ್ ಯಾಕೆ ಬೇಕು?

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆಯಿಂದ ಮಳೆ ಬಿಟ್ಟೇ ಇಲ್ಲ. ಹೆಂಚಿನ ಮೇಲೆ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಓದುತ್ತೇನೆ. "ಅಣ್ಣಾ, ಎಂಜಿನ್ ಯಾವ್ದಾದ್ರೇನು, ಎಲ್ಲಾ ಒಂದೇ. ಸನ್‌ರೂಫ್ ಇರೋ ಟಾಪ್ ಎಂಡ್ ತಗೊಳ್ಳೋಕೆ ಹೇಳಿ. ಕಾರು ದಿನಾ ತಗೊಳ್ತೀವಾ?" ಇದಕ್ಕೆ ಸಾಲು ಸಾಲು ಲೈಕು.

ತಮ್ಮಾ, ಎಲ್ಲಾ ಒಂದೇ ಅಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿದೆ. ನಮ್ಮ ಕಡೆ ಸೆಡಾನ್, ಅಂದ್ರೆ ಹಿಂದೆ ಡಿಕ್ಕಿ ಚಾಚಿರುವ ಕಾರು, ತಗೊಳ್ಳುವವರು ಮೊದಲು ಎಂಜಿನ್ ಆರಿಸಬೇಕು, ಆಮೇಲೆ ಗೇರು, ಕೊನೆಗೆ ಮಾಡೆಲ್ಲು, ಅಂದ್ರೆ ಅದೇ ಕಾರಿನ ಮೇಲಿನದೋ ಕೆಳಗಿನದೋ ಅನ್ನುವುದು. ನಮ್ಮ ಜನ ಸನ್‌ರೂಫಿಂದ ಶುರು ಮಾಡುತ್ತಾರೆ. ದುಡ್ಡು ಖಾಲಿಯಾದ ಮೇಲೆ ಉಳಿದ ಎಂಜಿನ್ ತಗೊಂಡು ಬರುತ್ತಾರೆ.

ನಮ್ಮ ಭಾವನೂ ಹಾಗೇ ಮಾಡಿದರು. ಸಣ್ಣ ಎಂಜಿನ್, ಮೇಲಿನ ಮಾಡೆಲ್. ಕಂಪನಿ ಹೆಸರು ಬೇಡ. ಕಾರು ಬಂದು ಮೂರು ವಾರ ಆಗಿತ್ತು, ಧರ್ಮಸ್ಥಳಕ್ಕೆ ಹೋಗಿ ವಾಪಸ್ ಚಾರ್ಮಾಡಿ ಹತ್ತುತ್ತಾ ಇದ್ದೆವು. ಭಾವ, ಅಕ್ಕ, ಅಮ್ಮ, ನಾನು, ಅಕ್ಕನ ಮಗ. ಡಿಕ್ಕಿಯಲ್ಲಿ ಬ್ಯಾಗುಗಳು, ಉಜಿರೆಯಲ್ಲಿ ತಗೊಂಡ ಇಪ್ಪತ್ತು ತೆಂಗಿನಕಾಯಿ. ಒಂದು ಹೇರ್‌ಪಿನ್ ತಿರುವಲ್ಲಿ ಮುಂದಿದ್ದ ಟೆಂಪೋ ನಿಧಾನ ಮಾಡಿತು. ಭಾವ ಸೆಕೆಂಡ್ ಗೇರಿಗೆ ಹಾಕಿದರು. ಎಳೆಯಲಿಲ್ಲ. ಫಸ್ಟಿಗೆ ಹಾಕಿದರೆ ಎಂಜಿನ್ ಅರಚಿಕೊಂಡಿತು. ಏಸಿ ಆಫ್ ಮಾಡಿ, ಹಾಫ್ ಕ್ಲಚ್ಚಲ್ಲಿ ಇಂಚಿಂಚು ಹತ್ತಿಸಿದರು. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹಿಂದೆ ಕೆಂಪು ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಅಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು ಮೆಲ್ಲಗೆ ಕೇಳಿದರು, "ನಾನಿಳಿದು ನಡ್ಕೊಂಡು ಬರ್ಲಾ?" ಮಂಡಿನೋವಿನ ಅಮ್ಮ. ಹೊಸ ಕಾರು. ತಲೆ ಮೇಲೆ ಸನ್‌ರೂಫ್ ಗಾಜಿಗೆ ಮಳೆ ಬಡಿಯುತ್ತಾ ಇತ್ತು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಶೋರೂಮಲ್ಲಿ ಕೊಡುವ ಬ್ರೋಷರ್ ತಗೊಳ್ಳಿ. ಫೋಟೋ ಬಿಡಿ, ಕೊನೆಯಲ್ಲಿ ಸಣ್ಣ ಅಕ್ಷರದ ಪಟ್ಟಿ ನೋಡಿ. ಟಾರ್ಕ್ ಅಂತ ಒಂದು ಸಾಲು ಇರುತ್ತದೆ. ಟಾರ್ಕ್ ಅಂದ್ರೆ ಎಳೆತ. ಅಲ್ಲಿ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಎಷ್ಟು ಎಳೆತ ಅಂತ. ಎರಡನೆಯದು ಅದು ಎಷ್ಟು ಆರ್‌ಪಿಎಂಗೆ ಸಿಗುತ್ತದೆ ಅಂತ, ಅಂದ್ರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ. ನಮಗೆ ಮುಖ್ಯ ಈ ಎರಡನೆಯದು.

ಹ್ಯುಂಡೈ ವರ್ನಾ ನೋಡಿ. 1.5 ಲೀಟರ್ ಸಾದಾ ಪೆಟ್ರೋಲ್ ಎಂಜಿನ್ನಲ್ಲಿ 144 ನ್ಯೂಟನ್ ಮೀಟರ್ ಎಳೆತ, ಅದೂ 4500 ಆರ್‌ಪಿಎಂಗೆ. ಅದೇ 1.5 ಟರ್ಬೋದಲ್ಲಿ, ಅಂದ್ರೆ ಗಾಳಿಯನ್ನು ಒತ್ತಿ ತುಂಬುವ ಎಂಜಿನ್ನಲ್ಲಿ, 253, ಅದು 1500ರಿಂದಲೇ ಸಿಗುತ್ತದೆ. ಹೋಂಡಾ ಸಿಟಿಯ ಪೆಟ್ರೋಲ್ ಎಂಜಿನ್ 145, 4300ಕ್ಕೆ. ಒಳ್ಳೇ ಎಂಜಿನ್, ನುಣುಪು, ಬೆಂಗಳೂರು ಹೈವೇಗೆ ಹೇಳಿ ಮಾಡಿಸಿದ್ದು. ಆದರೆ ಹೇರ್‌ಪಿನ್ ತಿರುಗಿಸಿ ಮೇಲೆ ಮುಖ ಮಾಡುವಾಗ ನಿಮ್ಮ ಎಂಜಿನ್ ಎಲ್ಲಿರುತ್ತದೆ? 1500, ಹೆಚ್ಚಂದ್ರೆ 2000. ಆಗ ಕೈಗೆ ಸಿಗದ ಎಳೆತ ಬ್ರೋಷರಲ್ಲಿ ಇದ್ದರೆಷ್ಟು, ಬಿಟ್ಟರೆಷ್ಟು?

ಎಂಜಿನ್ ಸೈಜು ಒಂದೇ ನೋಡಬೇಡಿ ಅಂತಲೂ ಹೇಳುತ್ತೇನೆ. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎರಡರಲ್ಲೂ ಬರುವ 1.0 ಟರ್ಬೋ ಎಂಜಿನ್ 178 ಕೊಡುತ್ತದೆ, 1750ರಿಂದ. ಲೀಟರ್ ಲೆಕ್ಕದಲ್ಲಿ ಸಿಟಿಗಿಂತ ಸಣ್ಣದು, ಎಳೆತದಲ್ಲಿ ಜಾಸ್ತಿ. ಆದರೆ 1750ರ ಕೆಳಗೆ ಟರ್ಬೋ ಇನ್ನೂ ಎದ್ದಿರುವುದಿಲ್ಲ, ಮ್ಯಾನುಯಲ್ ಓಡಿಸುವವರಿಗೆ ತಿರುವಲ್ಲಿ ಅದು ಗೊತ್ತಾಗುತ್ತದೆ. ಅದೇ ಕಾರುಗಳ 1.5 ಟರ್ಬೋ 250 ಕೊಡುತ್ತದೆ, 1600ರಿಂದ.

ಇನ್ನೊಂದು ವಿಷಯ ಶೋರೂಮಲ್ಲಿ ಯಾರೂ ಹೇಳುವುದಿಲ್ಲ. ಚಿಕ್ಕಮಗಳೂರು ಇರುವುದೇ ಸಾವಿರ ಮೀಟರ್‌ಗಿಂತ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳು. ಟರ್ಬೋ ಇಲ್ಲದ ಎಂಜಿನ್ ಇಲ್ಲಿ ಸುಮಾರು ಶೇಕಡ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆ 144 ಇಲ್ಲಿ 130ರ ಹತ್ತಿರ. ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿ ಇನ್ನೂ ಕಡಿಮೆ. ಟರ್ಬೋ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ, ಹಾಗಾಗಿ ಅದಕ್ಕೆ ಇಷ್ಟು ಪೆಟ್ಟು ಬೀಳುವುದಿಲ್ಲ. ಇದೂ ಎಲ್ಲಾ ಒಂದೇನಾ ತಮ್ಮಾ?

ಮಧ್ಯೆ ಒಂದು ಮಾತು. ಈ ಚಾನೆಲ್‌ಗೆ ಯಾವ ಕಂಪನಿಯ ದುಡ್ಡೂ ಬರುವುದಿಲ್ಲ. ನಮ್ಮ ತೋಟದ ಕಾಫಿಪುಡಿ ಮಾರಿ ಪೆಟ್ರೋಲ್ ಹಾಕಿಸುತ್ತೇನೆ. ಚಿಕೋರಿ ಬೆರೆಸಿದ್ದೂ ಇದೆ, ಬೆರೆಸದ್ದೂ ಇದೆ, ಲಿಂಕ್ ಕೆಳಗಿದೆ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

ಗೇರಿಗೆ ಬರೋಣ. ಡಿಜೈರ್‌ನಂಥ ಸಣ್ಣ ಸೆಡಾನ್‌ಗಳಲ್ಲಿ ಎಎಂಟಿ ಅನ್ನುವ ಆಟೋಮ್ಯಾಟಿಕ್ ಗೇರ್ ಬರುತ್ತದೆ. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರೇ, ಕ್ಲಚ್ಚನ್ನು ನಿಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ. ಏರಲ್ಲಿ ಗೇರ್ ಬದಲಾಗುವ ಅರೆಕ್ಷಣ ಎಳೆತ ನಿಂತುಹೋಗುತ್ತದೆ, ಗಾಡಿ ತೂಕಡಿಸಿದ ಹಾಗಾಗುತ್ತದೆ. ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಮಿಂಚಿನ ಹಾಗೆ ಗೇರ್ ಬದಲಿಸುತ್ತದೆ, ಆದರೆ ಏರಲ್ಲಿ ಟ್ರಾಫಿಕ್ ನಿಂತು ತೆವಳುತ್ತಾ ಹೋದರೆ ಬಿಸಿಯಾಗುತ್ತದೆ. ಟಾರ್ಕ್ ಕನ್ವರ್ಟರ್ ಅನ್ನುವ ಆಟೋಮ್ಯಾಟಿಕ್ ಎಣ್ಣೆಯ ಮೂಲಕ ಶಕ್ತಿ ದಾಟಿಸುವುದರಿಂದ ತೆವಳಿದರೂ ಬೇಜಾರಿಲ್ಲ. ನನ್ನ ಆಯ್ಕೆ ಅದೇ, ಇಲ್ಲಾಂದ್ರೆ ಮ್ಯಾನುಯಲ್. ಯಾವುದೇ ಆಗಲಿ, ಇಳಿಯುವಾಗ ಕೆಳಗಿನ ಗೇರಲ್ಲಿ ಇಳಿಸಿ. ಬ್ರೇಕ್ ತುಳಿದುಕೊಂಡೇ ಚಾರ್ಮಾಡಿ ಇಳಿದು, ಕಮಟು ವಾಸನೆ ಬಂದ ಮೇಲೆ ರಸ್ತೆ ಬದಿ ನಿಲ್ಲಿಸುವ ಕಾರುಗಳನ್ನು ನಾನು ಪ್ರತಿ ಸಲ ನೋಡುತ್ತೇನೆ.

ಈ ಬೆಲೆಯ ಸೆಡಾನ್‌ಗಳೆಲ್ಲ ಮುಂದಿನ ಚಕ್ರದಿಂದಲೇ ಎಳೆಯುವುವು. ಏರಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಕೆಸರಲ್ಲಿ ಸುಮ್ನೆ ಸುತ್ತುತ್ತದೆ. ತೋಟದೊಳಗಿನ ದಾರಿಗೆ ಜೀಪು ಇದೆ ಬಿಡಿ. ಟೈರಿಗೆ ಮಾತ್ರ ದುಡ್ಡು ಉಳಿಸಬೇಡಿ.

ಈಗ ಮಾಡೆಲ್ಲು. ಬೇಕಾದ್ದು ಇಷ್ಟೇ. ಆರು ಏರ್‌ಬ್ಯಾಗು. ಜಾರುವಾಗ ಗಾಡಿ ಹಿಡಿದಿಡುವ ಇಎಸ್‌ಸಿ. ಏರಲ್ಲಿ ಹಿಂದಕ್ಕೆ ಹೋಗದ ಹಾಗೆ ಹಿಲ್ ಹೋಲ್ಡ್. ಹಿಂದಿನ ಗಾಜಿನ ಮಂಜು ಬಿಡಿಸುವ ಡೀಫಾಗರ್. ಇವಿಷ್ಟೂ ಸಿಗುವ ಮಾಡೆಲ್ಲಿಗೆ ನಿಲ್ಲಿಸಿ. ಉಳಿದ ದುಡ್ಡು ಎಂಜಿನ್ನಿಗೆ ಹಾಕಿ.

"ಬರೀ ಮೂವತ್ತು ಸಾವಿರ ಜಾಸ್ತಿ, ಮೇಲಿನದೇ ತಗೊಳ್ಳಿ ಸರ್" ಅನ್ನುತ್ತಾರಲ್ಲ, ಲೆಕ್ಕ ಹಾಕಿ. ಕರ್ನಾಟಕದಲ್ಲಿ 5 ಲಕ್ಷ ದಾಟಿ 10 ಲಕ್ಷದವರೆಗಿನ ಕಾರಿಗೆ ಲೈಫ್ ಟ್ಯಾಕ್ಸ್, ಅಂದ್ರೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ, ಶೇಕಡ 14, 10 ದಾಟಿ 20 ಲಕ್ಷದವರೆಗೆ 17. 9.9 ಲಕ್ಷದ ಕಾರಿಗೆ 1,38,600. ಅದೇ 10.2 ಲಕ್ಷ ಆದರೆ 1,73,400. ಮೂವತ್ತು ಸಾವಿರದ ಹಿಂದೆ ಇನ್ನೂ 34,800 ಹೋಯಿತು. ಸೆಸ್ಸು ಬೇರೆ.

ಹಾಂ, ಕಂಪನಿಗಳ ಮೇಲೂ ನನಗೆ ಕೋಪ ಇದೆ. ಎಷ್ಟೋ ಕಾರುಗಳಲ್ಲಿ ಒಳ್ಳೇ ಎಂಜಿನ್ ಬೇಕಂದ್ರೆ ಮೇಲಿನ ಮಾಡೆಲ್ಲೇ ತಗೋ ಅಂತ ಕಟ್ಟಿಹಾಕಿದ್ದಾರೆ. ಆಗಲೂ ಆ ಎಂಜಿನ್ ಸಿಗುವ ಅತಿ ಕೆಳಗಿನ ಮಾಡೆಲ್ ಯಾವುದು ಅಂತಲೇ ಕೇಳಿ.

ಮೈಲೇಜ್ ಅನ್ನುತ್ತೀರಾ? ಸಣ್ಣ ಎಂಜಿನ್ನನ್ನು ಅರಚಿಸಿ ಹತ್ತಿಸಿದರೆ ಅದೇನು ನೀರು ಕುಡಿಯುತ್ತದಾ? ವರ್ಟಸ್‌ನ 1.5 ಎಂಜಿನ್ ಭಾರ ಇಲ್ಲದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ಬಂದ್ ಮಾಡಿಕೊಂಡು ಪೆಟ್ರೋಲ್ ಉಳಿಸುತ್ತದೆ. ಟರ್ಬೋ ಕೆಡುತ್ತದೆ ಅನ್ನುತ್ತೀರಾ? ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಘಾಟಿ ಹತ್ತಿ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಆನ್ ಇಡಿ. ರೀಸೇಲಾ? ಮಾರುವವರೆಗೆ ಓಡಿಸುವುದು ನೀವೇ ಅಲ್ವಾ! ಮಕ್ಕಳಿಗೆ ಸನ್‌ರೂಫ್ ಇಷ್ಟ ಅಂತೀರಾ? ಬಿಡ್ರೀ. ಜೂನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾರು ತೆಗೆಯುತ್ತಾರೆ ಅದನ್ನ? ಮೊದಲು ಎಂಜಿನ್. ಮೊದಲು ಎಂಜಿನ್ ರೀ!

ಬುಕ್ ಮಾಡುವ ಮುಂಚೆ ಐದು ಜನ ಕೂತು, ಏಸಿ ಹಾಕಿ, ಏರಲ್ಲಿ ಟೆಸ್ಟ್ ಡ್ರೈವ್ ಕೇಳಿ. ಒಬ್ಬರೇ ಕೂತು ಬೈಪಾಸಲ್ಲಿ ಒಂದು ಸುತ್ತು ಹಾಕಿ ಬಂದು ಸಹಿ ಮಾಡಬೇಡಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ಕಾಮೆಂಟ್ ಹಾಕಿದ ತಮ್ಮಾ, ನಿನ್ನನ್ನು ಮನಸ್ಸಾರೆ ಕರೆಯುತ್ತಿದ್ದೇನೆ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಿನ್ನ ಟಾಪ್ ಎಂಡ್ ತಗೊಂಡು ಬಾ. ಚಾರ್ಮಾಡಿ ಕೆಳಗಿಂದ ಹತ್ತೋಣ. ನಾನು, ನೀನು, ನಮ್ಮ ಭಾವ, ಇನ್ನಿಬ್ಬರು. ಏಸಿ ಆನಲ್ಲೇ ಇರಲಿ. ಕೊಟ್ಟಿಗೆಹಾರದಲ್ಲಿ ಎಲ್ಲರಿಗೂ ನೀರುದೋಸೆ ನಾನೇ ಕೊಡಿಸುತ್ತೇನೆ.