ಬೆಟ್ಟದ ಹುಡುಗರು ಗೆದ್ದ ಶನಿವಾರ

ಆತ್ಮೀಯರೇ,

ನಾನು ಓದಿದ್ದು ನಾರ್ತ್ ಕೆರೊಲಿನಾದ ಬೂನ್ ಎಂಬ ಊರಿನಲ್ಲಿ, ಅಪ್ಪಲ್ಯಾಚನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಬ್ಲೂ ರಿಜ್ ಬೆಟ್ಟಸಾಲಿನಲ್ಲಿ 3,333 ಅಡಿ ಎತ್ತರದ ಊರು ಅದು. ಹೊರಗಿನವರು ‘ಅಪಲೇಶನ್’ ಎಂದರೆ ಅಲ್ಲಿಯವರ ಮುಖ ಬಾಡುತ್ತದೆ. ಕೆಲಸಕ್ಕೆಂದು ಬೇರೆ ರಾಜ್ಯಕ್ಕೆ ಹೋದ ಮೇಲೆ, ಎಲ್ಲಿ ಓದಿದಿರಿ ಎಂದು ಕೇಳಿದವರಿಗೆಲ್ಲ ಊರು, ಬೆಟ್ಟ, ಉಚ್ಚಾರಣೆ ಮೂರನ್ನೂ ವಿವರಿಸುವುದು ನನಗೆ ರೂಢಿಯಾಗಿತ್ತು. 2007ರ ಸೆಪ್ಟೆಂಬರ್ 1ರವರೆಗೆ.

ಅಂದು ನಮ್ಮ ಫುಟ್‌ಬಾಲ್ ತಂಡ ಮಿಷಿಗನ್ ವಿಶ್ವವಿದ್ಯಾಲಯದ ವಿರುದ್ಧ, ಅವರದೇ ಊರಾದ ಆನ್ ಆರ್ಬರ್‌ನಲ್ಲಿ ಆಡಿತು. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಮಿಷಿಗನ್ ಆಗ ದೇಶದ 5ನೇ ಸ್ಥಾನದ ತಂಡ. ಕ್ರೀಡಾಂಗಣದಲ್ಲಿ ಲಕ್ಷ ಮೀರಿದ ಜನ. ನಮ್ಮದು ಆಗ ಒಂದು ಮೆಟ್ಟಿಲು ಕೆಳಗಿನ ವಿಭಾಗ. ಮೇಲಿನವರು 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿತ್ತು, ನಮಗೆ 63ರ ಮಿತಿ ಇತ್ತು. ದೊಡ್ಡ ತಂಡಗಳು ಋತುವಿನ ಆರಂಭದಲ್ಲಿ ಚಿಕ್ಕವರನ್ನು ಹಣ ಕೊಟ್ಟು ಕರೆಸುತ್ತವೆ. ನಮಗೆ ಸಿಕ್ಕಿದ್ದು 4 ಲಕ್ಷ ಡಾಲರ್. ಬಂದು, ಸೋತು, ಹಣ ತೆಗೆದುಕೊಂಡು ಹೋಗಲಿ ಎಂಬುದು ಬಾಯಿಬಿಟ್ಟು ಹೇಳದ ಕರಾರು. ಹಿಂದಿನ ಎರಡೂ ವರ್ಷ ತಮ್ಮ ವಿಭಾಗದಲ್ಲಿ ಚಾಂಪಿಯನ್ ಆಗಿದ್ದ ಹುಡುಗರನ್ನು ಹಾಗೆ ಕಂಡದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಪಂದ್ಯ ತೋರಿಸಿದ ವಾಹಿನಿ ಆರಂಭವಾಗಿ ಎರಡೇ ದಿನವಾಗಿತ್ತು, ನಮ್ಮ ಮನೆಯ ಕೇಬಲ್‌ನಲ್ಲಿ ಬರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ರೇಡಿಯೊ ವಿವರಣೆ ಹಾಕಿಕೊಂಡು ಕುಳಿತೆ. ವಿರಾಮದ ಹೊತ್ತಿಗೆ 28-17, ನಾವೇ ಮುಂದೆ! ಆಮೇಲೆ ಮಿಷಿಗನ್ ಅಂಗುಲ ಅಂಗುಲವಾಗಿ ಹತ್ತಿರ ಬಂದು, 32-31 ಮಾಡಿ ನಮ್ಮನ್ನು ಹಿಂದಿಕ್ಕಿತು. 26 ಸೆಕೆಂಡು ಉಳಿದಾಗ ನಮ್ಮವರು ಕಂಬಗಳ ನಡುವೆ ಚೆಂಡು ಒದ್ದು 34-32 ಮಾಡಿದರು. ಮರುಕ್ಷಣವೇ ಅವರ 46 ಗಜದ ಪಾಸ್. ಆರು ಸೆಕೆಂಡು ಬಾಕಿ, 37 ಗಜದ ಒದೆತ. ಅದು ಕಂಬದ ನಡುವೆ ಹೋದರೆ ಎಲ್ಲ ಮುಗಿಯಿತು.

ನಮ್ಮ ತಂಡದ ಕೋರಿ ಲಿಂಚ್ ನುಗ್ಗಿ ಬಂದು ಅದನ್ನು ತಡೆದ. ಅದು ನನಗೆ ಮಾತಿನಿಂದ ತಿಳಿಯಲಿಲ್ಲ. ವಿವರಣೆಕಾರರ ಕೂಗಿನಲ್ಲಿ ಒಂದು ಪದವೂ ಹಿಡಿಯಲಾಗಲಿಲ್ಲ. ಆದರೆ ಆ ಕೂಗಿನ ಹಿಂದೆ ಕೇಳಬೇಕಾಗಿದ್ದ ಲಕ್ಷ ಜನರ ಗದ್ದಲ ಇರಲಿಲ್ಲ. ಅಷ್ಟು ದೊಡ್ಡ ಜನಸ್ತೋಮ ಸುಮ್ಮನಾಗಿದೆ ಎಂದರೆ ಗೆದ್ದವರು ನಾವೇ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಹಳೆಯ ಕೊಠಡಿಯ ಸಂಗಾತಿಗೆ ಫೋನ್ ಮಾಡಿದೆ. ಇಬ್ಬರ ಗಂಟಲೂ ಕಟ್ಟಿತ್ತು, ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಬೂನ್‌ನಲ್ಲಿ ವಿದ್ಯಾರ್ಥಿಗಳು ಕ್ರೀಡಾಂಗಣದ ಗೋಲುಕಂಬವನ್ನೇ ಕಿತ್ತು, ಹೊತ್ತುಕೊಂಡು ಹೋಗಿ ಕುಲಪತಿಗಳ ಮನೆಯಂಗಳದಲ್ಲಿ ಇಟ್ಟರು. ಅದಕ್ಕೆ ಹೆಗಲು ಕೊಡಲು ನಾನಿರಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ.

ಸೋಮವಾರ ಕಾರ್ಮಿಕ ದಿನದ ರಜೆ. ಮಂಗಳವಾರ ಕಚೇರಿಯಲ್ಲಿ, ವರ್ಷಗಟ್ಟಲೆ ನನ್ನ ಕಾಲೇಜಿನ ಹೆಸರನ್ನು ತಪ್ಪಾಗಿಯೇ ಹೇಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ಬಂದು ನಿಂತರು. ‘ಅಪ್ಪ-ಲ್ಯಾ-ಚನ್’ ಎಂದು ಬಿಡಿಸಿ ಬಿಡಿಸಿ ಹೇಳಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದರು.